ಸ್ವಸಹಾಯ ಸಂಘದ ಪ್ರತಿನಿಧಿ ವಸೂಲಿಗೆ ಪಟ್ಟು ಹಿಡಿಯುತ್ತಲೇ ಸದಸ್ಯರಿಗೆ ಕೃತಜ್ಞತೆ ತೋರಿಸುವುದು ಹೇಗೆ?

ಹೆಚ್ಚಿನವರು ಎಡವುವುದು ಎರಡನ್ನೂ ಒಂದೇ ಮಾತಿನಲ್ಲಿ ಬೆರೆಸಿ. "ಇಷ್ಟು ದಿನ ಚೆನ್ನಾಗಿ ಕಟ್ಟಿದ್ದೀರಿ, ಆದರೆ ಈ ಕಂತು ಎಲ್ಲಿ?" ಎಂದರೆ ಕಿವಿಗೆ ಬೀಳುವುದು "ಆದರೆ" ನಂತರದ್ದು ಮಾತ್ರ.

ವಾರದ ಸಭೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವ ಮೊದಲೇ ಒಬ್ಬರ ಹೆಸರು ಹಿಡಿದು, ಅವರು ಮಾಡಿದ ಕೆಲಸವನ್ನೇ ಹೇಳಿ: "ಗೌರಕ್ಕ, ಮಳೆಯಲ್ಲೂ ಬ್ಯಾಂಕಿಗೆ ಹೋಗಿ ಹಣ ಕಟ್ಟಿ ಬಂದಿರಿ, ಉಪಕಾರವಾಯಿತು." "ಎಲ್ಲರಿಗೂ ಧನ್ಯವಾದ" ಎಂಬುದು ಯಾರಿಗೂ ತಟ್ಟುವುದಿಲ್ಲ.

ಬಾಕಿಯ ಮಾತು ಆಮೇಲೆ, ಮೊತ್ತ ಮತ್ತು ದಿನಾಂಕದ ಸಮೇತ. ಆದರೆ ಕಂತು ತಪ್ಪಿದವರನ್ನು ಹತ್ತು ಜನರ ಎದುರು ಕೇಳಬೇಡಿ, ಮೊದಲು ಮನೆಗೆ ಹೋಗಿ ಕಾರಣ ತಿಳಿಯಿರಿ. 1,000 ರೂಪಾಯಿ ಒಟ್ಟಿಗೆ ಆಗದಿದ್ದರೆ 500ರಂತೆ ಎರಡು ಸಲಕ್ಕೆ ಒಪ್ಪಿಸಿ, ಸಭೆಯ ಒಪ್ಪಿಗೆ ಪಡೆದು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಲ್ಲೇ ಬಿಟ್ಟರೆ, ಕಷ್ಟಪಟ್ಟು ಕಟ್ಟಿದವರೂ ಮುಂದಿನ ತಿಂಗಳು ಕಟ್ಟುವುದಿಲ್ಲ.