ಓದುಗರ ಪ್ರಶ್ನೆ: ಸಣ್ಣ ಜೋಡಿ ಬಂದಾಗ ಆಡುವುದೇ, ಬಿಡುವುದೇ?

ಪ್ರಶ್ನೆ: ನಾನು ಗೆಳೆಯರೊಡನೆ ಟೆಕ್ಸಾಸ್ ಹೋಲ್ಡೆಮ್ ಪೋಕರ್ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ) ಆಡುತ್ತೇನೆ. ನಾಲ್ಕರ ಜೋಡಿ, ಐದರ ಜೋಡಿ, ಇಲ್ಲವೇ ಇಸ್ಪೀಟ್ (ಸ್ಪೇಡ್) ಜಾತಿಯ ಎಂಟು ಮತ್ತು ಏಳು, ಹೀಗೆ ಮುಂದೆ ಏನಾದರೂ ಆಗಬಹುದೆಂಬ ಆಸೆ ಹುಟ್ಟಿಸುವ ಎಲೆಗಳು ಬಂದರೆ ಬಿಡಲು ಮನಸ್ಸಾಗುವುದಿಲ್ಲ. ಒಮ್ಮೊಮ್ಮೆ ದೊಡ್ಡ ಪಾಟ್ (ಎಲ್ಲರೂ ಹಾಕಿದ ಚಿಪ್‌ಗಳ ರಾಶಿ) ಸಿಗುತ್ತದೆಯಾದರೂ ಆಟ ಮುಗಿಯುವ ಹೊತ್ತಿಗೆ ನಷ್ಟವೇ ಹೆಚ್ಚು. ಇಂಥ ಎಲೆಗಳನ್ನು ಯಾವಾಗ ಆಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಕೈಯಲ್ಲಿರುವ ಎಲೆಗಳ ವಿವರವಿದೆ, ಆದರೆ ಎದುರಾಳಿಯ ಮುಂದೆ ಎಷ್ಟು ಚಿಪ್‌ಗಳಿದ್ದವು ಎಂಬುದಿಲ್ಲ. ನಷ್ಟದ ಮೂಲ ಅಲ್ಲಿಯೇ ಇರಬಹುದೆಂದು ನನ್ನ ಅನುಮಾನ, ಏಕೆಂದರೆ ಸಣ್ಣ ಜೋಡಿಯ ಬೆಲೆಯನ್ನು ನಿರ್ಧರಿಸುವುದು ಆ ಜೋಡಿಗಿಂತ ಹೆಚ್ಚಾಗಿ ಎದುರಾಳಿಯ ಬಳಿ ಉಳಿದಿರುವ ಚಿಪ್‌ಗಳು.

ಒಂದು ಲೆಕ್ಕ ನೋಡೋಣ. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಬ್ಲೈಂಡ್‌ಗಳು 1 ಮತ್ತು 2 ಚಿಪ್ (ದೊಡ್ಡದು ಬಿಗ್ ಬ್ಲೈಂಡ್). ಒಬ್ಬರು 6ಕ್ಕೆ ಏರಿಸಿದ್ದಾರೆ. ನಿಮ್ಮ ಕೈಯಲ್ಲಿ ಐದರ ಜೋಡಿ ಇದೆ. ಉಳಿದವರೆಲ್ಲ ಎಲೆ ಬಿಟ್ಟಿದ್ದಾರೆ. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೇಲೆ ಒಟ್ಟಿಗೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ, ಮೂರನೆಯ ಐದು ಬಂದು ಸೆಟ್ ಆಗುವ ಸಾಧ್ಯತೆ ಸುಮಾರು 12 ಪ್ರತಿಶತ, ಅಂದರೆ 17 ಸಲ ಆಡಿದರೆ ಸರಾಸರಿ 2 ಸಲ. ಮಿಕ್ಕ 15 ಸಲ 6 ಚಿಪ್‌ನಂತೆ 90 ಚಿಪ್ ಬಿಟ್ಟುಕೊಡುತ್ತೀರಿ ಎಂದುಕೊಂಡರೆ, ಸೆಟ್ ಆದ ಪ್ರತಿ ಸಲವೂ 45 ಚಿಪ್ ಗಳಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಅದರಲ್ಲಿ 9 ಆಗಲೇ ಪಾಟ್‌ನಲ್ಲಿವೆ. ಇನ್ನುಳಿದ 36ನ್ನು ಫ್ಲಾಪ್ ನಂತರ ಎದುರಾಳಿಯಿಂದ ಪಡೆಯಬೇಕು. ಅವರ ಬಳಿ ಉಳಿದಿರುವುದೇ 54 ಆದರೆ, ಅದರ ಮೂರರಲ್ಲಿ ಎರಡು ಪಾಲನ್ನು ಪ್ರತಿ ಸಲವೂ ಅವರು ನಿಮಗೆ ಕೊಡಬೇಕಾಗುತ್ತದೆ. ಹಾಗೆ ಯಾರೂ ಕೊಡುವುದಿಲ್ಲ. ಎಕ್ಕ ಮತ್ತು ರಾಜನನ್ನು ಹಿಡಿದು ಏರಿಸಿದವರಿಗೂ ಫ್ಲಾಪ್‌ನಲ್ಲಿ ಜೋಡಿ ಕೂಡುವುದು ಮೂರರಲ್ಲಿ ಒಂದು ಸಲ ಮಾತ್ರ. ಕೂಡದಿದ್ದಾಗ ನಿಮ್ಮ ಸೆಟ್‌ಗೆ ಹಣ ಹಾಕುವವರೇ ಇರುವುದಿಲ್ಲ. ಅವರ ಬಳಿ 194 ಉಳಿದಿದ್ದರೆ ಮಾತು ಬೇರೆ. ಆದ್ದರಿಂದಲೇ, ಕಾಲ್ ಮಾಡಲು, ಅಂದರೆ ಎದುರಾಳಿ ಹಾಕಿದಷ್ಟೇ ಹಾಕಿ ಆಟದಲ್ಲಿ ಉಳಿಯಲು, ಬೇಕಾದ ಮೊತ್ತದ 15ರಿಂದ 20 ಪಟ್ಟಾದರೂ ಇಬ್ಬರ ಬಳಿಯೂ ಇರಬೇಕೆಂದು ಅನುಭವಸ್ಥರು ಹೇಳುತ್ತಾರೆ. ಇಬ್ಬರಲ್ಲಿ ಯಾರ ಬಳಿ ಕಡಿಮೆ ಇದೆಯೋ ಅದೇ ಲೆಕ್ಕಕ್ಕೆ ಬರುವ ಮೊತ್ತ.

ಇಸ್ಪೀಟಿನ ಎಂಟು–ಏಳರ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಎರಡೂ ಒಂದೇ ಜಾತಿಯ ಎಲೆಗಳಾಗಿರುವುದರಿಂದ ಗೆಲ್ಲುವ ಸಾಧ್ಯತೆ ಹೆಚ್ಚುವುದು ಎರಡು-ಮೂರು ಪ್ರತಿಶತವಷ್ಟೇ, ನೋಡಲು ಮಾತ್ರ ಬಹಳ ಚೆಂದ. ಫ್ಲಾಪ್‌ನಲ್ಲೇ ಪೂರ್ತಿ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗುವುದು ನೂರರಲ್ಲಿ ಒಂದು ಸಲಕ್ಕಿಂತಲೂ ಕಡಿಮೆ. ಇನ್ನೊಂದೇ ಎಲೆ ಬೇಕೆನ್ನುವ ಸ್ಥಿತಿ ಬರುವುದು ಸುಮಾರು 11 ಸಲ. ಆ ಸ್ಥಿತಿಯಿಂದ ರಿವರ್‌ವರೆಗೆ (ಐದನೆಯ, ಕೊನೆಯ ಎಲೆಯವರೆಗೆ) ಹೋದರೂ ಫ್ಲಶ್ ಕೂಡುವುದು ಶೇಕಡ 35ರಷ್ಟು ಮಾತ್ರ, ಅದಕ್ಕಾಗಿ ದಾರಿಯಲ್ಲಿ ಎರಡು ಸಲ ಹಣ ಹಾಕಬೇಕಾಗಬಹುದು. ಕೂಡಿದ ಮೇಲೂ ಎದುರಾಳಿಯ ಬಳಿ ಇಸ್ಪೀಟಿನ ರಾಣಿಯೂ ಇನ್ನೊಂದು ಇಸ್ಪೀಟೂ ಇದ್ದರೆ, ನಿಮ್ಮ ಎಂಟರ ಫ್ಲಶ್ ನಿಮ್ಮ ಚಿಪ್‌ಗಳನ್ನೆಲ್ಲ ಅವರ ಕಡೆಗೆ ಸಾಗಿಸುವ ಬಂಡಿಯಾಗುತ್ತದೆ. ಎಕ್ಕದ ಜೊತೆ ಅದೇ ಜಾತಿಯ ಸಣ್ಣ ಎಲೆ ಬಂದಾಗ ಈ ಭಯವಿಲ್ಲ.

ಎಂಟು–ಏಳನ್ನು ನಾನು ಹೆಚ್ಚಾಗಿ ಬಟನ್‌ನಲ್ಲಿ (ಫ್ಲಾಪ್ ನಂತರ ಕೊನೆಯಲ್ಲಿ ಮಾತಾಡುವ ಸ್ಥಾನ), ಇಲ್ಲವೇ ಅದಕ್ಕಿಂತ ಒಂದು ಸರದಿ ಮೊದಲು ಮಾತಾಡುವ ಸ್ಥಾನದಲ್ಲಿ ಕೂತಾಗ ಮಾತ್ರ ಆಡುತ್ತೇನೆ. ಕೊನೆಯಲ್ಲಿ ಮಾತಾಡುವವರಿಗೆ, ಎಲ್ಲರೂ ಚೆಕ್ ಮಾಡಿದಾಗ (ಹಣ ಹಾಕದೆ ಸರದಿ ದಾಟಿಸಿದಾಗ) ಮುಂದಿನ ಎಲೆಯನ್ನು ಪುಕ್ಕಟೆಯಾಗಿ ನೋಡುವ ಅವಕಾಶವಿದೆ, ತಾವೇ ಬೆಟ್ ಮಾಡಿ ಎದುರಾಳಿ ಎಲೆ ಬಿಡುವಂತೆ ಮಾಡುವ ಅವಕಾಶವೂ ಇದೆ. ಮೊದಲು ಮಾತಾಡಬೇಕಾದವರಿಗೆ ಎರಡೂ ಕಷ್ಟ. ಜೊತೆಗೆ, ನೀವು 6 ಚಿಪ್ ಹಾಕಿದ ಮೇಲೆ ನಿಮ್ಮ ಹಿಂದೆ (ನಿಮ್ಮ ನಂತರ ಸರದಿ ಬರುವಂತೆ) ಕೂತವರು 25ಕ್ಕೆ ಏರಿಸಿದರೆ ಫ್ಲಾಪ್ ನೋಡದೆಯೇ ಎಲೆ ಎಸೆಯಬೇಕಾಗುತ್ತದೆ. ಪದೇ ಪದೇ ಏರಿಸುವ ಆಟಗಾರರು ನಿಮ್ಮ ಹಿಂದೆ ಇನ್ನೂ ಉಳಿದಿದ್ದರೆ, ಅಗ್ಗವಾಗಿ ಕಂಡ ಕಾಲ್ ಅಗ್ಗವಲ್ಲ.

ನಾಲ್ಕೈದು ಜನ ಬರೀ ಕಾಲ್ ಮಾಡಿ ಪಾಟ್‌ಗೆ ಬಂದಿದ್ದರೆ ಸಣ್ಣ ಜೋಡಿಯನ್ನು ಧೈರ್ಯವಾಗಿ ಆಡಿ. ಸೆಟ್ ಆಗದಿದ್ದರೆ, ಯಾರಾದರೂ ಬೆಟ್ ಮಾಡಿದ ಕೂಡಲೇ ಬಿಟ್ಟುಬಿಡಿ. ಅಷ್ಟು ಜನರ ನಡುವೆ ಬರೀ ಐದರ ಜೋಡಿಗೆ ಬೆಲೆಯಿಲ್ಲ.

ಪ್ರಶ್ನೆ: ಟೂರ್ನಮೆಂಟ್‌ನಲ್ಲಿ ನನ್ನ ಬಳಿ 10 ಬಿಗ್ ಬ್ಲೈಂಡ್ ಮಾತ್ರ ಉಳಿದಾಗಲೂ ಇದೇ ನಿಯಮವೇ?

ಉತ್ತರ: ಅಲ್ಲ. ಅಷ್ಟು ಕಡಿಮೆ ಇದ್ದಾಗ ಸೆಟ್‌ಗಾಗಿ ಕಾಯುವ ಕಾಲ್ ಎಂಬುದೇ ಇಲ್ಲ. ಎರಡೂವರೆ ಬ್ಲೈಂಡ್ ಹಾಕಿ ಫ್ಲಾಪ್‌ನಲ್ಲಿ ಬಿಟ್ಟರೆ ಕಾಲು ಭಾಗ ಹೋಯಿತು. ಎಲ್ಲರೂ ಎಲೆ ಬಿಟ್ಟು ಸರದಿ ಬಟನ್‌ನಲ್ಲಿರುವ ನಿಮಗೆ ಬಂದಿದ್ದರೆ ನಾಲ್ಕರ ಜೋಡಿಯೊಡನೆ ನೇರವಾಗಿ ಆಲ್-ಇನ್ ಮಾಡಬಹುದು (ಇರುವ ಚಿಪ್‌ಗಳನ್ನೆಲ್ಲ ಹಾಕಬಹುದು), ಏಕೆಂದರೆ ಬ್ಲೈಂಡ್‌ನವರಿಬ್ಬರೂ ಬಿಡುವ ಸಾಧ್ಯತೆಯೇ ಅಲ್ಲಿ ನಿಮ್ಮ ಮುಖ್ಯ ಗಳಿಕೆ. ಮೊದಲೇ ಯಾರಾದರೂ ಏರಿಸಿದ್ದರೆ ಆ ಸಾಧ್ಯತೆ ತೀರ ಕಡಿಮೆಯಾಗುವುದರಿಂದ ಅದೇ ಜೋಡಿಯನ್ನು ಸಾಮಾನ್ಯವಾಗಿ ಬಿಡುವುದೇ ಸರಿ.