ಚಪ್ಪಲಿ ಅಗಿಯುವ ಹಸು, ಹಲ್ಲು ಕಿಸಿಯುವ ಹೋರಿ

ನಿಮ್ಮ ಕೊಟ್ಟಿಗೆಯ ಪ್ರಶ್ನೆಗಳಿಗೆ ನಿವೃತ್ತ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಹಸುವಿಗೆ ಮೇವು, ಬೂಸ ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೂ ಹಳೇ ಚಪ್ಪಲಿ ಅಗಿಯುತ್ತದೆ, ಗೋಡೆ ನೆಕ್ಕುತ್ತದೆ. ಮೊನ್ನೆ ಎಲ್ಲಿಂದಲೋ ಮೂಳೆ ಕಚ್ಚಿಕೊಂಡು ಬಂದಿತ್ತು. ದೃಷ್ಟಿಯಾಗಿದೆ ಅಂತಾರೆ ಅತ್ತೆ. (ಗೃಹಿಣಿ, ಶಿರಾ)

ಉತ್ತರ: ಅತ್ತೆಯವರು ದೃಷ್ಟಿ ತೆಗೆಯಲಿ, ತಡೆಯಬೇಡಿ. ಜೊತೆಗೆ ದಿನಕ್ಕೆ 50 ಗ್ರಾಂ ಲವಣ ಮಿಶ್ರಣವನ್ನೂ ಬೂಸಕ್ಕೆ ಕಲಸಿ ಕೊಡಿ. ಹೊಟ್ಟೆ ತುಂಬಿದ್ದರೂ ಮೈಗೆ ರಂಜಕ, ಉಪ್ಪು ಸಾಲದಿದ್ದರೆ ದನ ಹೀಗೆ ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತದೆ. ರಾಗಿ ಹುಲ್ಲಿನಲ್ಲಿ ರಂಜಕ ಕಡಿಮೆ. ಹಾಲಿನ ಜೊತೆ ಹೊರಗೆ ಹೋಗುವುದು ಮಾತ್ರ ನಿಲ್ಲುವುದಿಲ್ಲ. ಜಂತುಹುಳದ ಔಷಧಿ ಕುಡಿಸಿ ಎಷ್ಟು ದಿನವಾಯಿತು? ಅದನ್ನೂ ನೋಡಿ.

ಮೂಳೆಯ ವಿಷಯ ಸುಮ್ನೆ ಬಿಡುವಂಥದ್ದಲ್ಲ. ನೂರು ವರ್ಷದ ಹಿಂದೆ ದಕ್ಷಿಣ ಆಫ್ರಿಕಾದಲ್ಲಿ ದನಗಳು ಕಾಲು ಸೋತು ಬಿದ್ದು ಸಾಯುತ್ತಿದ್ದವು. ಆರ್ನಾಲ್ಡ್ ಥೈಲರ್ ಎಂಬ ಪಶುವೈದ್ಯರು ಮತ್ತವರ ಜೊತೆಗಾರರು ಕಾರಣ ಹುಡುಕಿದರು. ಅಲ್ಲಿನ ಮಣ್ಣಲ್ಲಿ ರಂಜಕ ಸಾಲದು, ಹುಲ್ಲಲ್ಲೂ ಸಾಲದು. ಹಾಗಾಗಿ ದನ ಸತ್ತ ಪ್ರಾಣಿಯ ಮೂಳೆ ಕಡಿಯುತ್ತಿತ್ತು. ಕೊಳೆತ ಮೂಳೆಯಲ್ಲಿದ್ದ ಬೊಟುಲಿಸಂ ವಿಷ ಅದನ್ನು ಕೊಲ್ಲುತ್ತಿತ್ತು. ಶುದ್ಧ ಮಾಡಿದ ಮೂಳೆ ಪುಡಿ ತಿನ್ನಿಸಿದರೆ ಆ ಚಪಲವೇ ಹೋಗುತ್ತಿತ್ತು.

ಇನ್ನೊಂದು ಮಾತು. ಇಂಥ ಚಟ ಇದ್ದಕ್ಕಿದ್ದಂತೆ ಶುರುವಾಗಿ, ಹಸು ಜೊಲ್ಲು ಸುರಿಸಿ, ಕೂಗುವ ದನಿ ಬದಲಾಗಿದ್ದರೆ ಅದು ರೇಬೀಸ್ ಇರಬಹುದು. ಬಾಯಿಗೆ ಕೈ ಹಾಕಬೇಡಿ, ತಕ್ಷಣ ವೈದ್ಯರನ್ನು ಕರೆಸಿ.

ಪ್ರಶ್ನೆ: ಹೋರಿ ಹಸುವಿನ ಗಂಜಲ ಮೂಸಿ, ಕತ್ತೆತ್ತಿ ಹಲ್ಲು ಕಿಸಿಯುತ್ತದಲ್ಲ, ಯಾಕೆ? (ವಿದ್ಯಾರ್ಥಿ, ಹಾವೇರಿ)

ಉತ್ತರ: ಕಿಸಿಯಲು ಮೇಲಿನ ಸಾಲಲ್ಲಿ ಮುಂದಿನ ಹಲ್ಲೇ ಇಲ್ಲ ಮಾರಾಯ! ಅಲ್ಲಿರುವುದು ಗಟ್ಟಿ ವಸಡು. ಹೋರಿ ಮಾಡುತ್ತಿರುವುದು ವಾಸನೆಯ ಪರೀಕ್ಷೆ. ಅಂಗುಳಿನಲ್ಲಿರುವ ಸಣ್ಣ ತೂತುಗಳು ಜೇಕಬ್‌ಸನ್ ಅಂಗ ಎಂಬ, ವಾಸನೆ ಗುರುತಿಸುವ ಇನ್ನೊಂದು ಅಂಗಕ್ಕೆ ದಾರಿ. ಮೇಲ್ತುಟಿ ಮಡಚಿದಾಗ ಗಂಜಲದ ವಾಸನೆ ಅಲ್ಲಿಗೆ ತಲುಪುತ್ತದೆ. ಹಸು ಬೆದೆಗೆ ಬಂದಿದೆಯೋ ಇಲ್ಲವೋ ಅಂತ ಹೋರಿ ತಿಳಿಯುವುದು ಹೀಗೆ.

ಪ್ರಶ್ನೆ: ಮಳೆಗಾಲದಲ್ಲಿ ದನಗಳು ರಸ್ತೆ ಮಧ್ಯೆಯೇ ಮಲಗುತ್ತವಲ್ಲ? (ಬಸ್ ಚಾಲಕ, ಸಾಗರ)

ಉತ್ತರ: ಬಯಲೆಲ್ಲ ಕೆಸರು. ಡಾಂಬರು ಬೇಗ ಒಣಗುತ್ತದೆ, ಬೆಚ್ಚಗಿರುತ್ತದೆ, ಗಾಳಿಗೆ ನೊಣದ ಕಾಟವೂ ಕಡಿಮೆ. ಹಾರನ್‌ಗೆ ಅವು ಏಳುವುದಿಲ್ಲ, ನಿಮಗೇ ಗೊತ್ತು. ಬೈಯುವುದಿದ್ದರೆ ಸಂಜೆ ಕಟ್ಟಿಹಾಕದ ಮಾಲೀಕರನ್ನು ಬೈಯಿರಿ.

ಪ್ರಶ್ನೆ: ಕುದುರೆ ಮುಂಗಾಲು ಊರಿ ಏಳುತ್ತದೆ, ಹಸು ಹಿಂಭಾಗ ಮೊದಲು ಎತ್ತುತ್ತದೆ. ನಮ್ಮ ಒಂದು ಹಸು ಮಾತ್ರ ಕುದುರೆಯಂತೆ ಏಳುತ್ತಿದೆ. (ರೈತ, ಮಂಡ್ಯ)

ಉತ್ತರ: ಹಸು ಮುಂಗಾಲಿನ ಮಂಡಿಯೂರಿ ತಲೆಯನ್ನು ಜೋರಾಗಿ ಮುಂದಕ್ಕೆ ಚಾಚುತ್ತದೆ. ಭಾರ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗುತ್ತದೆ. ಹಾಗೆ ಚಾಚಲು ಜಾಗ ಬೇಕಲ್ವಾ? ಗೋಡೆಗೆ ಮುಖ ಒತ್ತುವಂತೆ ಮೋಟು ಹಗ್ಗದಲ್ಲಿ ಕಟ್ಟಿದರೆ ಪಾಪ ಏನು ಮಾಡೀತು? "ಸೋಮಾರಿ ಹಸು ಡಾಕ್ಟ್ರೇ, ಏಳೋದೇ ಇಲ್ಲ" ಎನ್ನುವವರ ಮನೆಯಲ್ಲಿ ನಾನು ಮೊದಲು ನೋಡುತ್ತಿದ್ದುದೇ ಹಗ್ಗವನ್ನು. ಒಂದು ಮೊಳ ಸಡಿಲ ಬಿಟ್ಟರೆ ಎಷ್ಟೋ ಸಲ ಔಷಧಿ ಬೇಕಾಗುತ್ತಿರಲಿಲ್ಲ. ಹಗ್ಗ, ಜಾಗ ಎರಡೂ ಸರಿಯಿದ್ದರೆ ಗೊರಸೋ ಮಂಡಿಯೋ ನೋಯುತ್ತಿರಬಹುದು, ವೈದ್ಯರಿಗೆ ತೋರಿಸಿ.