ಸ್ಟೇರಿಂಗ್ ಹಿಡಿದರೆ ಅಪ್ಪನ ಬೈಗುಳ, ಬಾಗಿಲಲ್ಲಿ ಮಗನದು

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಮೊನ್ನೆ ನೀರಿನ ಕ್ಯಾನ್ ತಂದವರಿಗೆ ಬಾಗಿಲಲ್ಲೇ ನಿಂತು ‘ಬೋಳಿಮಗ’ ಅಂದುಬಿಟ್ಟ. ಅತ್ತೆ ನಕ್ಕರು. ಈಗ ದಿನಕ್ಕೆ ಹತ್ತು ಸಲ ಅದೇ. ಯಜಮಾನರು ಕಾರು ಓಡಿಸುವಾಗ ಆಡುವ ಮಾತು ಅದು. ಕೇಳಿದರೆ, ‘ನಾಳೆ ಸ್ಕೂಲಲ್ಲಿ ಹೇಗೂ ಕಲೀತಾನೆ, ಬೈದರೆ ನನಗೆ ಸಮಾಧಾನ’ ಅನ್ನುತ್ತಾರೆ. ಮಕ್ಕಳ ಮುಂದೆ ಬೈಯಲೇಬಾರದೆ?
— ಓದುಗರೊಬ್ಬರು, ತುಮಕೂರು

ಉತ್ತರ: ಸಮಾಧಾನದ ಮಾತು ಸುಳ್ಳಲ್ಲ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ತಂಡ 2009ರಲ್ಲಿ ವಿದ್ಯಾರ್ಥಿಗಳ ಕೈಯನ್ನು ಮಂಜಿನಂಥ ನೀರಿನಲ್ಲಿ ಇಡಿಸಿ ನೋಡಿತು. ಬೈಯುತ್ತಿದ್ದವರು ಹೆಚ್ಚು ಹೊತ್ತು ತಾಳಿದರು. ಆದರೆ ದಿನವೂ ಬೈಯುವ ರೂಢಿ ಇದ್ದವರಿಗೆ ಆ ಲಾಭ ಕಡಿಮೆ ಎಂದು ಅದೇ ತಂಡಕ್ಕೆ ಆಮೇಲೆ ಕಂಡಿತು. ಪ್ರತಿ ಸಿಗ್ನಲ್ಲಿನಲ್ಲೂ ಖರ್ಚಾದ ಬೈಗುಳ, ಕಾಲ್ಬೆರಳು ಮಂಚಕ್ಕೆ ತಾಗಿದಾಗ ಕೆಲಸಕ್ಕೆ ಬರುವುದಿಲ್ಲ.

ಸ್ಕೂಲಿನ ಮಾತು ಅರ್ಧ ಮಾತ್ರ ನಿಜ. ಪದ ಅಲ್ಲೂ ಸಿಗುತ್ತದೆ. ಅದನ್ನು ಯಾರಿಗೆ, ಯಾವಾಗ, ಯಾವ ಮುಖ ಮಾಡಿಕೊಂಡು ಅನ್ನಬೇಕು ಎಂಬುದು ಸಿಗುವುದು ಮನೆಯಲ್ಲಿ. 1961ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅಮೆರಿಕದ ಸ್ಟ್ಯಾನ್‌ಫರ್ಡ್ ಶಿಶುವಿಹಾರದ 72 ಮಕ್ಕಳಲ್ಲಿ 24 ಮಂದಿಯ ಎದುರು ದೊಡ್ಡವರಿಂದ ಗಾಳಿಬೊಂಬೆಗೆ ಹೊಡೆಸಿದರು. ಆಮೇಲೆ ಅನೇಕ ಮಕ್ಕಳು ಏಟಿನ ಜೊತೆಗೆ ‘ಮೂಗಿಗೆ ಗುದ್ದು’ ಎಂಬಂಥ ಮಾತನ್ನೂ ಹಾಗೇ ಒಪ್ಪಿಸಿದರು. ಬೋಳಿ ಎಂದರೆ ತಲೆ ಬೋಳಿಸಿದ ವಿಧವೆ ಎಂದು ನಿಮ್ಮ ಮಗನಿಗೆ ಗೊತ್ತಿಲ್ಲ. ಹಾಗಂದರೆ ಅಜ್ಜಿ ನಗುತ್ತಾರೆ ಎಂಬುದು ಮಾತ್ರ ಗೊತ್ತು.

ಹಾಗಾಗಿ ಮೊದಲ ಕೆಲಸ ಅತ್ತೆಯವರದು. ಆ ಪದ ಕಿವಿಗೆ ಬಿದ್ದಾಗ ಮನೆಯಲ್ಲಿ ಯಾರೂ ನಗಬಾರದು, ಕಿರುಚಬಾರದು, ‘ಏನಂದೆ? ಇನ್ನೊಂದ್ಸಲ ಹೇಳು’ ಅನ್ನಲೂಬಾರದು. ‘ಅಣ್ಣಾ, ಇಲ್ಲಿಡಿ ಅನ್ನು’ ಎಂದು ಸರಿಯಾದ ಮಾತನ್ನು ಬಾಯಿಗೆ ಕೊಟ್ಟು, ಹಾಗಂದರೆ ಮೆಚ್ಚಿ. ಮೊದಲ ಮೂರ್ನಾಲ್ಕು ದಿನ ಜಾಸ್ತಿಯೇ ಆಗಬಹುದು. ನಗು ಎಲ್ಲಿ ಹೋಯಿತು ಎಂದು ಹುಡುಗ ದನಿ ಏರಿಸಿ ಪರೀಕ್ಷೆ ಮಾಡುತ್ತಾನೆ. ಮನೆಯವರು ಸೋಲುವುದು ಇಲ್ಲೇ. ಹತ್ತರಲ್ಲಿ ಒಂದು ಸಲ ನಗು ಸಿಕ್ಕಿದರೂ ಅಭ್ಯಾಸ ಇನ್ನಷ್ಟು ಗಟ್ಟಿಯಾಗುತ್ತದೆ. ಬಾಯಿಗೆ ಮೆಣಸಿನಕಾಯಿ ಇಡುವ ಹಳೇ ಶಿಕ್ಷೆಯಂತೂ ಬೇಡವೇ ಬೇಡ. ಖಾರದ ಕೈ ಕಣ್ಣಿಗೆ ಹೋಗುತ್ತದೆ, ಪುಡಿ ಉಸಿರುನಾಳಕ್ಕೆ ಹೋದರೆ ಆಸ್ಪತ್ರೆಯೇ ಗತಿ.

ಇನ್ನು ಯಜಮಾನರು. ‘ನಾಳೆಯಿಂದ ಬಿಟ್ಟೆ’ ಎಂದರೆ ಬಿಡದು; ಬಾಯಿಗೆ ಬದಲಿ ಬೇಕು. ‘ಛೆ’ ತೀರಾ ಸಪ್ಪೆ. ‘ಥತ್ತೇರಿಕೆ!’ಯಲ್ಲಿ ಒತ್ತಕ್ಷರದ ಜೋರಿದೆ, ಬೈಗುಳದ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಅದರ ಹಿಂದೆಯೇ ಆ ಡ್ರೈವರ್ ಮಾಡಿದ ತಪ್ಪನ್ನು ಹೇಳಲಿ: ‘ಇಂಡಿಕೇಟರ್ ಹಾಕದೆ ತಿರುಗಿಸಿದ.’ ಬಾಯಿ ತಪ್ಪಿದರೆ ಮಗನಿಗೆ ಕೇಳುವಂತೆ, ‘ಸಿಟ್ಟಲ್ಲಿ ಅಂದುಬಿಟ್ಟೆ, ಅನ್ನಬಾರದಿತ್ತು.’ ಅಷ್ಟು ಸಾಕು, ಉಪದೇಶ ಬೇಡ.

ಸ್ಟೇರಿಂಗಿಗೆ ಬೈದದ್ದು ಸಣ್ಣ ತಪ್ಪು, ಮಗುವಿಗೇ ಬೈದರೆ ಬೇರೆ ಲೆಕ್ಕ. ಪೆನ್ಸಿಲ್ವೇನಿಯಾದ 967 ಕುಟುಂಬಗಳ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಹದಿಮೂರರ ವಯಸ್ಸಿನಲ್ಲಿ ಕೂಗಾಟ, ಬೈಗುಳದ ಶಿಸ್ತು ಕಂಡ ಮಕ್ಕಳಲ್ಲಿ ಮರುವರ್ಷ ಕೆಟ್ಟ ನಡವಳಿಕೆಯೂ ಖಿನ್ನತೆಯ ಲಕ್ಷಣವೂ ಹೆಚ್ಚಿದ್ದವು. ಮಿಕ್ಕ ಹೊತ್ತಿನ ಅಪ್ಪ ಅಮ್ಮನ ಪ್ರೀತಿ ಅದನ್ನು ಸರಿದೂಗಿಸಿರಲಿಲ್ಲ. ‘ನೀನು ಹುಟ್ಟಿದ್ದೇ ದರಿದ್ರ’ ಎಂಬುದರಲ್ಲಿ ಒಂದೂ ಕೊಳಕು ಪದವಿಲ್ಲ, ಆದರೂ ಅದು ಬೈಗುಳವೇ, ನೋಡಿ. ಜಾತಿ ಹೆಸರನ್ನೇ ಬೈಗುಳ ಮಾಡುವವರಿಗೆ ಮಾತ್ರ ರಿಯಾಯಿತಿ ಇಲ್ಲ: ಪರಿಶಿಷ್ಟರನ್ನು ಹತ್ತು ಜನ ನೋಡುವ ಕಡೆ ಹಾಗೆ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಪ್ರಶ್ನೆ: ನಮ್ಮಮ್ಮ ಮೊಮ್ಮಗಳನ್ನು ‘ಮುಂಡೇದೇ, ಬಾ ಊಟಕ್ಕೆ’ ಎಂದೇ ಕರೆಯುವುದು. ತಡೆಯಬೇಕೆ?
— ಓದುಗರೊಬ್ಬರು, ಮಂಡ್ಯ

ಉತ್ತರ: ಬೇಡ. ಹುಬ್ಬಳ್ಳಿ ಕಡೆಯ ‘ಮಂಗ್ಯಾನ ಮಗನ’ ಇದ್ದಂತೆ ಇದೂ. ಮಗು ಕೇಳಿಸಿಕೊಳ್ಳುವುದು ಅಜ್ಜಿಯ ದನಿಯನ್ನು. ಆರೇಳು ವರ್ಷವಾದಾಗ ಒಮ್ಮೆ ಕೂರಿಸಿಕೊಂಡು ಹೇಳಿ: ಇದು ಗಂಡ ಸತ್ತವರನ್ನು ಹಳಿಯಲು ಹುಟ್ಟಿದ ಪದ, ಅಜ್ಜಿ ನಿನಗೆ ಮುದ್ದಿಗೆ ಅನ್ನುತ್ತಾರೆ, ನೀನು ಸ್ಕೂಲಲ್ಲಿ ಯಾರಿಗೂ ಅನ್ನಬೇಡ.